ನಾಲ್ಕು ಜೆಟ್ಟಿನ ಹೂವು

ಕೇಳಿದರೆ ಸಾಂತಪ್ಪ ಇಲ್ಲ ಅನ್ನುವವರಲ್ಲ. ಕೇಳಬಾರದು ಅನ್ನಿಸುವುದೂ ಅದಕ್ಕೇ ಇರಬಹುದೇ? ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಬಲ್ಲವರ ಹತ್ತಿರ ಏನನ್ನಾದರೂ ಕೇಳಿಬಿಡಬಹುದು. ಸರಿ ತಪ್ಪು ನೋಡುವ ಕೆಲಸ ಅವರದಾಗುತ್ತದೆ. ಹೂಂ ಅನ್ನುವುದನ್ನೇ ರೂಢಿ ಮಾಡಿಕೊಂಡವರ ಹತ್ತಿರ ಕೇಳುವುದೆಂದರೆ ತಾನೇ ಕೈಹಾಕಿ ಎತ್ತಿಕೊಂಡ ಹಾಗೆ. ಹಾಗಂತ ಕೇಳದೆ ಕುಶಾಲನಗರಕ್ಕೆ ವಾಪಸು ಹೋದರೆ ಸತೀಶನಿಗೆ ಹೇಳುವುದೇನು? ಹೂ ಬಂದಿಲ್ಲ ಎಂದೇ? ಅದನ್ನು ಆಗಲೇ ಮೂರು ಸಲ ಹೇಳಿಯಾಗಿತ್ತು.

ಶಿವಪ್ರಕಾಶ್ ಒಂದು ಕಾಫಿ ಗಿಡದ ಕೊಂಬೆಯನ್ನು ಬಗ್ಗಿಸಿ ಹಿಡಿದು ನಿಂತಿದ್ದ. ಗೆಣ್ಣುಗೆಣ್ಣಿಗೂ ಮೊಗ್ಗುಗಳು ಹಸಿರು ಕಡ್ಡಿಗಳಂತೆ ಬಿಗಿದುಕೊಂಡು ಕೂತಿದ್ದವು. ಒಂದು ಒಳ್ಳೆಯ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಬೀಳದಿದ್ದರೆ ಇಲ್ಲ. ಫೆಬ್ರವರಿಯ ಮೂರನೇ ವಾರ ಮುಗಿಯುತ್ತ ಬಂದಿತ್ತು, ತಿತಿಮತಿಯ ಸುತ್ತ ಒಂದು ಹನಿಯೂ ಬಿದ್ದಿರಲಿಲ್ಲ.

"ಗಿಡ ನೋಡ್ತಾ ನಿಂತ್ರೆ ಹೂ ಬರುತ್ತಾ ಸಾರ್? ಮೋಡ ನೋಡ್ಬೇಕು," ಎನ್ನುತ್ತ ಸಾಂತಪ್ಪ ಇಳಿಜಾರು ಇಳಿದು ಬಂದರು.

"ಮೋಡಾನೂ ನೋಡ್ದೆ ಸಾಂತಪ್ಪಣ್ಣ. ಒಂದೂ ಇಲ್ಲ."

"ನಿಮ್ಮ ಫೋನಲ್ಲಿ ಮಳೆ ಯಾವತ್ತು ಅಂತಾರೆ?"

"ಇನ್ನೂ ಹತ್ತು ದಿನ ಇಲ್ಲವಂತೆ."

"ಹೋದ ತಿಂಗಳೂ ಅದೇ ಹತ್ತು ದಿನ ಅಂದಿತ್ತು. ಅದಕ್ಕೂ ಗೊತ್ತಾಗ್ತಿಲ್ಲ, ಪಾಪ."

ಸಾಂತಪ್ಪ ಆ ತೋಟದ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು, ಮೋಟಾರು ಮನೆಯ ಕೀಲಿ ಇಟ್ಟುಕೊಳ್ಳುವುದು ಎಲ್ಲ ಅವರದೇ. ಸೋಮವಾರಪೇಟೆ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಲೈನ್ ಎನ್ನುವ ಆಳುಗಳ ಸಾಲುಮನೆಗಳ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಯಮುನಾಳ ಜೊತೆ ಇದ್ದರು. ಶಿವಪ್ರಕಾಶನ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವವರು ಎಂದು ತಿಳಿದ ದಿನದಿಂದ ಸಾಂತಪ್ಪನಿಗೆ ಈ ಹುಡುಗ 'ನಮ್ ಕಡೆಯವನು'. ಬಂದಾಗಲೆಲ್ಲ ಯಮುನಾಳ ಕೈಯ ಕಾಫಿ ಕುಡಿಸದೆ ಕಳಿಸುತ್ತಿರಲಿಲ್ಲ. ಆದರೂ ಸಾರ್ ಅನ್ನುವುದನ್ನು ಬಿಡುತ್ತಿರಲಿಲ್ಲ. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ.

ಶಿವಪ್ರಕಾಶ್ ಸತೀಶನ ಡಿಜಿಟಲ್ ಮಾರ್ಕೆಟಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇತಿಹಾಸದಲ್ಲಿ ಪದವಿ ಪಡೆದವನಿಗೆ ಈಗ ಗೊತ್ತಿದ್ದ ಸಂಗತಿಗಳು ಬೇರೆಯೇ ಆಗಿದ್ದವು. ವಿಡಿಯೋ ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ನೋಡುವವನ ಹೆಬ್ಬೆರಳು ಮುಂದಕ್ಕೆ ತಳ್ಳಿಬಿಡುತ್ತದೆ. ಸಂಜೆ ಏಳರಿಂದ ಒಂಬತ್ತರೊಳಗೆ ಹಾಕಬೇಕು. ಮಾತು ಕಡಿಮೆ, ಮಂಜು ಜಾಸ್ತಿ. ಒಂದು ಬೇಕರಿ, ಒಂದು ಹಲ್ಲಿನ ಆಸ್ಪತ್ರೆ, ಸೋಮವಾರಪೇಟೆಯ ಒಬ್ಬ ಜೇನು ವ್ಯಾಪಾರಿ, ಮೂರು ಹೋಂಸ್ಟೇ, ಇಷ್ಟು ಅವನ ಪಾಲಿನ ಗಿರಾಕಿಗಳು. ಬೇಕರಿಯವರು ಪಕ್ಕದ ಬೇಕರಿಗಿಂತ ನಮಗೆ ಲೈಕು ಕಡಿಮೆ ಯಾಕೆ ಎಂದು ಕೇಳುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಹಬ್ಬಹಬ್ಬಕ್ಕೂ ತನ್ನ ಫೋಟೋ ದೇವರ ಫೋಟೋಗಿಂತ ದೊಡ್ಡದಾಗಿ ಬರಬೇಕಿತ್ತು. ಮನೆಯಲ್ಲಿ ಅಪ್ಪ ಯಾರಾದರೂ ಕೇಳಿದರೆ "ಫೋನ್ ನೋಡೋ ಕೆಲಸ" ಎಂದು ಹೇಳಿ ಮಾತು ಬದಲಾಯಿಸುತ್ತಿದ್ದರು.

ಈ ತೋಟದ ಒಡತಿ ವಿಶಾಲಾಕ್ಷಮ್ಮ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಂಡವರು. ಹೋದ ವರ್ಷ ಮಳೆಗಾಲ ಕಳೆದ ಮೇಲೆ ಮನೆಯ ಹಿಂದೆ ಮೂರು ಕೋಣೆಯ ಹೋಂಸ್ಟೇ ಶುರುಮಾಡಿದ್ದರು. ಅದಕ್ಕೆ ಸತೀಶ ಜನವರಿಯಲ್ಲೇ ಒಂದು ಯೋಜನೆ ಹಾಕಿದ್ದ: 'ಕಾಫಿ ಹೂವಿನ ವಾರ'. ಮಾರ್ಚ್ ಐದಕ್ಕೆ ಹೂವಿನ ರೀಲ್ ಹೋಗಬೇಕು, ಅದನ್ನು ನೋಡಿ ಜನ ಕೋಣೆ ಹಿಡಿಯಬೇಕು. ಮಳೆಯ ವಿಷಯ ಆ ಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ.

ಅಂದು ಬೆಳಿಗ್ಗೆಯೂ ಸತೀಶ ಫೋನ್ ಮಾಡಿದ್ದ.

"ಗುರೂ, ಹೂ ಇಲ್ಲ ಅಂತ ಎಷ್ಟು ಸಲ ಹೇಳ್ತೀಯಾ? ನೆಟ್ಟಲ್ಲಿ ರಾಶಿ ಬಿದ್ದಿದೆ. ಯಾವ್ದಾದ್ರೂ ಎತ್ತಿ ಹಾಕು."

"ಬೇರೆಯವರ ತೋಟದ್ದಾ?"

"ಹೂವಿನ ಮೇಲೆ ಸರ್ವೆ ನಂಬರ್ ಬರ್ದಿರುತ್ತಾ? ಇಲ್ಲಾಂದ್ರೆ ಎಐಯಲ್ಲಿ ಮಾಡಿಸು, ಎರಡು ನಿಮಿಷ."

"ಅದು ಸುಳ್ಳಾಗುತ್ತೆ ಸತೀಶ್. ನಾನು ಹಾಕಲ್ಲ."

"ಆಯ್ತು ಹರಿಶ್ಚಂದ್ರ, ಹಾಕ್ಬೇಡ. ನಿಜವಾದ್ದೇ ತಗೊಂಡ್ ಬಾ. ಐದನೇ ತಾರೀಕು ಸಂಜೆ ಏಳಕ್ಕೆ ನನಗೆ ಹೂ ಬೇಕು. ಇದೊಂದು ಕ್ಲೈಂಟ್ ಕೈಬಿಟ್ರೆ ನಿನ್ನ ಸೀಟಿಗೆ ಕೆಲಸ ಇರಲ್ಲ, ಹೇಳಿರ್ತೀನಿ."

ನಿಜವಾದ್ದೇ ಬೇಕೆಂಬ ಆ ಮಾತು ಶಿವಪ್ರಕಾಶನದೇ ಆಗಿತ್ತು. ಇಷ್ಟು ಸುಳ್ಳಿನ ನಡುವೆ ತಾನು ಉಳಿಸಿಕೊಂಡದ್ದು ಅದೊಂದೇ ಎಂಬ ಸಣ್ಣ ಹೆಮ್ಮೆಯೂ ಅವನಿಗಿತ್ತು.

ಅವನು ಕೊಂಬೆ ಬಿಟ್ಟ. ಅದು ಚಟ್ಟನೆ ಮೇಲಕ್ಕೆ ಹೋಯಿತು.

"ಸಾಂತಪ್ಪಣ್ಣ, ಈ ಹೋಂಸ್ಟೇ ಹಿಂದಿನ ಜಾಗಕ್ಕೆ ಮಾತ್ರ ಒಂದು ನಾಲ್ಕು ಜೆಟ್ ಹಾಕಿದ್ರೆ ಹೂ ಬರುತ್ತಾ?"

ಜೆಟ್ ಎಂದರೆ ತಿರುಗುತ್ತ ನೀರು ಚಿಮ್ಮಿಸುವ ಪೈಪಿನ ತಲೆ. ಮಳೆ ತಡವಾದರೆ ಅದರಲ್ಲೇ ತೋಟಕ್ಕೆ ನೀರು ಕೊಟ್ಟು ಹೂ ಅರಳಿಸುತ್ತಾರೆ. ಆದರೆ ಈ ವರ್ಷ ತೋಟದ ಕೆರೆ ಸಂಕ್ರಾಂತಿಗೇ ಬತ್ತಿಹೋಗಿತ್ತು. ಉಳಿದದ್ದು ಹೊಳೆ ಒಂದೇ. ಆ ಹೊಳೆಯ ಕೆಳಗಡೆ ಆದಿವಾಸಿಗಳ ಹದಿನಾರು ಮನೆಯ ಹಾಡಿ. ಅವರು ಮರಳಿನಲ್ಲಿ ಗುಂಡಿ ತೋಡಿ, ಜಿನುಗುವ ನೀರನ್ನು ಕೊಡಕ್ಕೆ ತುಂಬಿಕೊಳ್ಳುವವರು. ಮೊದಲ ಮಳೆ ಬೀಳುವ ತನಕ ಹೊಳೆಗೆ ಯಾರೂ ಮೋಟಾರು ಹಚ್ಚಬಾರದು ಎಂದು ದಂಡೆಯ ತೋಟದವರೆಲ್ಲ ಶಾಲೆಯ ಜಗಲಿಯಲ್ಲಿ ಸೇರಿ ಮಾತಾಡಿಕೊಂಡಿದ್ದರು. ಎಲ್ಲರಿಗಿಂತ ಮೊದಲು ಒಪ್ಪಿ ಎದ್ದು ನಿಂತವರು ವಿಶಾಲಾಕ್ಷಮ್ಮ. ಇದೆಲ್ಲ ಶಿವಪ್ರಕಾಶನಿಗೆ ಗೊತ್ತಿತ್ತು. ಹೇಳಿದ್ದು ಸಾಂತಪ್ಪನೇ.

"ಬರದೇ ಏನು? ಗಿಡಕ್ಕೆ ಮಳೆಯೂ ಒಂದೇ, ಮೋಟಾರೂ ಒಂದೇ," ಎಂದು ಸಾಂತಪ್ಪ ಹೊಳೆಯ ಕಡೆ ನೋಡಿದರು. "ಆದ್ರೆ ಮಾತು ಕೊಟ್ಟಾಗಿದೆಯಲ್ಲ. ಗುಂಡಿಯಲ್ಲಿ ಇರೋದೇ ಮಂಡಿಯುದ್ದ ನೀರು."

"ಮೂರು ಗಂಟೆ ಸಾಕಲ್ವಾ?"

"ಮೂರು ಗಂಟೆ ಬೇಕು." ಟೊಪ್ಪಿ ಸರಿಮಾಡಿಕೊಂಡು ಕೇಳಿದರು: "ಅಮ್ಮ ಹೂಂ ಅಂದ್ರಾ?"

ವಿಶಾಲಾಕ್ಷಮ್ಮ ಕಣ್ಣಿನ ಆಪರೇಷನ್‌ಗೆಂದು ಮೈಸೂರಿನ ಮಗಳ ಮನೆಗೆ ಹೋಗಿದ್ದರು. ಹದಿನೈದು ದಿನ ಫೋನ್ ನೋಡಬಾರದೆಂದು ಡಾಕ್ಟರು ಹೇಳಿದ್ದರು. ಮಗಳ ನಂಬರು ಶಿವಪ್ರಕಾಶನ ಹತ್ತಿರ ಇತ್ತು. ಅವನು ಆ ನಂಬರಿಗೆ ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಉತ್ತರ ಏನು ಬರುತ್ತಿತ್ತೆಂದು ಅವನಿಗೆ ತಿಳಿದಿತ್ತು.

ಅವನು ಇಲ್ಲ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಜೇಬಿನಿಂದ ಫೋನ್ ತೆಗೆದು ಮಾರ್ಚ್ ಐದು ಯಾವ ವಾರ ಎಂದು ನೋಡುವವನಂತೆ ಬೆರಳಾಡಿಸಿದ.

ಸಾಂತಪ್ಪ ಕಾದರು. ಆಮೇಲೆ ತಾವೇ ತಲೆಯಾಡಿಸಿದರು. "ಅಮ್ಮನೇ ಅಂದ ಮೇಲೆ ಇನ್ನೇನು. ಭಾನುವಾರ ಲೈನಿನವರೆಲ್ಲ ಗೋಣಿಕೊಪ್ಪ ಸಂತೆಗೆ ಹೋಗ್ತಾರೆ. ಅವತ್ತು ಬಿಡಣ. ಹತ್ತು ಜನಕ್ಕೆ ಉತ್ತರ ಹೇಳೋದು ಬೇಡ."

ಭಾನುವಾರ ನೀರು ಬಿಟ್ಟರು. ಒಂಬತ್ತು ದಿನ ಕಳೆದು ಮಂಗಳವಾರ ಸಂಜೆ ಸಾಂತಪ್ಪ ಫೋನ್ ಮಾಡಿ, "ಬನ್ನಿ ಸಾರ್, ನಿಮ್ ಹೂ ಬಂದಿದೆ," ಎಂದರು, ತಮ್ಮ ಮನೆಗೇ ನೆಂಟರು ಬಂದ ಹಾಗೆ.

ಬುಧವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಶಿವಪ್ರಕಾಶ್ ಅಲ್ಲಿದ್ದ. ಒಟ್ಟು ಐವತ್ತು ಅರವತ್ತು ಗಿಡ. ಅಂಚು ಕಾಣದ ಹಾಗೆ ವಿಡಿಯೋ ತೆಗೆದರೆ ಇಡೀ ಗುಡ್ಡವೇ ಅರಳಿದಂತೆ. ಮಲ್ಲಿಗೆಯಂಥದೇ ಆದರೂ ಅದಕ್ಕಿಂತ ಸ್ವಲ್ಪ ಒಗರಾದ ವಾಸನೆ, ಜೇನುನೊಣಗಳ ಮೊರೆತ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅವನು ಕ್ಯಾಮರಾ ಕೆಳಗಿಟ್ಟು ಸುಮ್ಮನೆ ಕೂತ. ರೀಲಿಗೆ ಹಾಡು ಹಾಕಲಿಲ್ಲ. ನೊಣಗಳ ಸದ್ದನ್ನೇ ಬಿಟ್ಟ. ಮೇಲೆ ಒಂದು ಸಾಲು ಬರೆದ: 'ನಮ್ಮ ತೋಟದಲ್ಲಿ, ಈ ಬೆಳಿಗ್ಗೆ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದುಕೊಂಡ.

ಮರುದಿನ, ಐದನೇ ತಾರೀಕು, ಸಂಜೆ ಏಳಕ್ಕೆ ಹಾಕಿದ್ದು ಎರಡನೇ ದಿನಕ್ಕೆ ಮೂರು ಲಕ್ಷ ಜನರನ್ನು ಮುಟ್ಟಿತು. ಸತೀಶ ಆಫೀಸಿಗೆ ಪಫ್ಸ್ ತರಿಸಿದ. ಮಾರ್ಚ್ ಕೊನೆಯವರೆಗೆ ಮೂರೂ ಕೋಣೆ ತುಂಬಿದವು.

"ನೋಡ್ದಾ? ಒತ್ತಡ ಹಾಕಿದ್ರೆ ಹೂವೂ ಅರಳುತ್ತೆ," ಎಂದ ಸತೀಶ.

ಕಾಮೆಂಟುಗಳನ್ನು ನೋಡಿಕೊಳ್ಳುವುದೂ ಶಿವಪ್ರಕಾಶನ ಕೆಲಸವೇ. ಬೆಲೆ ಕೇಳಿದವರಿಗೆ ಇನ್‌ಬಾಕ್ಸ್ ನೋಡಿ ಅನ್ನುವುದು, ಹೃದಯ ಕಳಿಸಿದವರಿಗೆ ಹೃದಯ ಕಳಿಸುವುದು. ಅವುಗಳ ನಡುವೆ ಒಂದು ಬೇರೆ ಥರದ್ದು ಬಂತು: 'ಮಳೆ ಎಷ್ಟು ಸೆಂಟು ಬಂತು ನಿಮಗೆ?'

ಇಲ್ಲಿ ಮಳೆಯನ್ನು ಇಂಚು ಸೆಂಟಿನಲ್ಲಿ ಅಳೆದು ಪರಸ್ಪರ ಕೇಳಿಕೊಳ್ಳುವುದು ತೋಟದವರು ಮಾತ್ರ. ಶಿವಪ್ರಕಾಶ್ ಆ ಪ್ರಶ್ನೆಯನ್ನು ಎರಡು ಸಲ ಓದಿದ. ಅಷ್ಟರಲ್ಲಿ ಕೆಳಗೆ ಇನ್ನೊಂದು: 'ತಿತಿಮತಿಯಲ್ಲಿ ಎಲ್ಲಿಯ ಮಳೆ? ನಮ್ಮ ಮೊಗ್ಗು ಕಪ್ಪಾಗ್ತಿದೆ.' ಮತ್ತೊಂದು: 'ಮಳೆ ಇಲ್ಲ, ಕೆರೆ ಇಲ್ಲ. ಹೊಳೆ ನೀರು ಕುಡಿದ ಹೂವು ಚೆನ್ನಾಗಿದೆ.'

ಬೆಂಗಳೂರಿನವರು, ಹೈದರಾಬಾದಿನವರು ಮೂರು ಲಕ್ಷ ಜನ ನೋಡಿದ್ದು ಹೂವನ್ನು. ಊರಿನ ಇಪ್ಪತ್ತು ಜನ ನೋಡಿದ್ದು ನೀರನ್ನು. ಇದು ತನಗೆ ಯಾಕೆ ಹೊಳೆಯಲಿಲ್ಲ? ನೋಡುವವರು ಎಂದರೆ ದೂರದವರು ಎಂದೇ ಎರಡು ವರ್ಷ ಲೆಕ್ಕ ಹಾಕಿದ್ದ. ಪಕ್ಕದ ತೋಟದವನ ಕೈಯಲ್ಲೂ ಫೋನ್ ಇದೆಯೆಂಬುದು ಯಾವ ಯೋಜನೆಯಲ್ಲೂ ಬಂದಿರಲಿಲ್ಲ.

ಅಭ್ಯಾಸದ ಬೆರಳು ತನ್ನ ಕೆಲಸ ಮಾಡಿತು. ಮೂರನ್ನೂ ಹೈಡ್ ಮಾಡಿದ. ಹಾಗೆ ಮಾಡಿದರೆ ಬರೆದವನಿಗೆ ತನ್ನ ಮಾತು ಕಾಣುತ್ತಲೇ ಇರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಅವನು ಹೇಳಿದೆನೆಂದುಕೊಂಡೇ ಇರುತ್ತಾನೆ. ಸಂಜೆಯ ಹೊತ್ತಿಗೆ ಹದಿನೆಂಟನ್ನು ಮರೆಮಾಡಿದ್ದ. ಹತ್ತೊಂಬತ್ತನೆಯದು ಬರಲಿಲ್ಲ. ಅದು ವಾಟ್ಸಾಪ್ ಗ್ರೂಪುಗಳಿಗೆ ಹೋಗಿತ್ತು. ಅಲ್ಲಿ ಅವನ ಬೆರಳು ಮುಟ್ಟುತ್ತಿರಲಿಲ್ಲ.

ಸೋಮವಾರ ವಿಶಾಲಾಕ್ಷಮ್ಮ ಮೈಸೂರಿನಿಂದ ಬಂದವರೇ ಅವನನ್ನು ಕರೆಸಿದರು.

ಅವನು ಹೋದಾಗ ಅವರು ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಮೆಟ್ಟಿಲ ಮೇಲೆ ಹಾಡಿಯ ಲಿಂಗಮ್ಮ, ಅರವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಖಾಲಿ ಕೊಡ. ಸಾಂತಪ್ಪ ಕಂಬದ ಪಕ್ಕ ನಿಂತಿದ್ದರು, ಕೈಯಲ್ಲಿ ಟೊಪ್ಪಿ.

"ಕೂತ್ಕೊಳಪ್ಪ," ಎಂದರು ವಿಶಾಲಾಕ್ಷಮ್ಮ. "ಲಿಂಗಮ್ಮ, ಹೇಳು. ಇನ್ನೊಂದ್ಸಲ ಹೇಳು."

"ಏನ್ ಹೇಳದಮ್ಮ. ಆ ಭಾನುವಾರ ಸಂತೆಯಿಂದ ಬಂದು ನೋಡಿದ್ರೆ ಗುಂಡಿಯಾಗೆ ಬರೀ ಮಳ್ಳು. ಮೂರು ದಿನ ಒಸರಲಿಲ್ಲ. ಬಿಸ್ಲು ಕುಡ್ದುಬಿಡ್ತು ಅಂತ ನಾವೂ ಸುಮ್ನಾದೋ. ಮಕ್ಕಳು ರೋಡಿನ ತನಕ ಹೋಗಿ ಹೊತ್ತ್ಕೊಂಡ್ ಬಂದೋ. ಈಗ ನನ್ ಮೊಮ್ಮಗ ಪೋನ್ನಾಗೆ ತೋರಿಸ್ತಾನೆ, ಅಜ್ಜಿ ನೋಡು, ನಮ್ ಗುಂಡಿ ನೀರು ಇಲ್ಲೈತೆ ಅಂತ." ಅವಳು ನಕ್ಕಳು. "ಚೆಂದಾಗೈತೆ ಹೂವು. ಇಲ್ಲ ಅನ್ನಲ್ಲ."

ಆ ನಗುವಿಗೆ ಯಾರೂ ಜೊತೆ ಕೊಡಲಿಲ್ಲ.

"ಶಾಲೆ ಜಗಲೀಲಿ ಮೊದಲು ಎದ್ದು ನಿಂತವಳು ನಾನು," ಎಂದರು ವಿಶಾಲಾಕ್ಷಮ್ಮ. ದನಿ ಏರಿರಲಿಲ್ಲ. "ಈಗ ಪಕ್ಕದ ತೋಟದವರು ಕೇಳ್ತಿದಾರೆ, ಆಪರೇಷನ್ ಅಂತ ಹೋಗಿ ಕೂತು ಹಿಂದಿನಿಂದ ಮೋಟಾರು ಹಾಕಿಸಿದ್ರಾ ಅಂತ. ಸಾಂತಪ್ಪ, ಯಾರು ಬಿಡೋಕೆ ಹೇಳಿದ್ದು?"

ಆಗ ಸಾಂತಪ್ಪ ಶಿವಪ್ರಕಾಶನ ಕಡೆ ನೋಡಿದರು. ಅಮ್ಮ ಹೂಂ ಅಂದಿರಲಿಲ್ಲ ಎಂಬುದು ಅವರಿಗೆ ತಿಳಿದದ್ದೇ ಆ ಪ್ರಶ್ನೆಯಿಂದ. ನೋಟದಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದರು, ಅಷ್ಟೆ. ಅಂದು ಗಿಡದ ಹತ್ತಿರ ಕಾದ ಹಾಗೆಯೇ.

ಈಗ ಹೇಳಬೇಕು ಎಂದು ಶಿವಪ್ರಕಾಶನಿಗೆ ಗೊತ್ತಿತ್ತು. ಒಂದು ವಾಕ್ಯ. ದಿನಾ ಆರು ಗಿರಾಕಿಗಳ ಪರವಾಗಿ ಇಪ್ಪತ್ತು ವಾಕ್ಯ ಬರೆಯುವವನು. ವಿಶಾಲಾಕ್ಷಮ್ಮ ಹೋಂಸ್ಟೇಯ ಕೆಲಸ ಕಿತ್ತುಕೊಂಡರೆ ಸತೀಶ ಹೊರಗೆ ಹಾಕುತ್ತಾನೆ, ಹಾಕಿದರೆ ಅಪ್ಪನಿಗೆ ಏನು ಹೇಳುವುದು, ಅಪ್ಪ ಏನೂ ಕೇಳುವುದಿಲ್ಲ, ಶುಂಠಿ ಗದ್ದೆಗೆ ಬಾ ಎನ್ನುತ್ತಾರೆ, ಆಮೇಲೆ ಏನು? ಯೋಚನೆಗಳು ಒಂದರ ಹಿಂದೆ ಒಂದು ಬಂದವು. ವಾಕ್ಯ ಬರಲಿಲ್ಲ.

"ಯಾರೂ ಹೇಳ್ಲಿಲ್ಲಮ್ಮ," ಎಂದರು ಸಾಂತಪ್ಪ. "ಕೀಲಿ ನನ್ನ ಹತ್ರ ಇತ್ತು. ಬಿಟ್ಟವನು ನಾನು."

"ಯಾಕೆ?"

"ಹೂ ಬರಲಿ ಅಂತ."

"ನಿಮಗೆ ಬುದ್ಧಿ ಎಲ್ಲಿ ಹೋಗಿತ್ತು ಸಾಂತಪ್ಪ? ಇಪ್ಪತ್ತೆರಡು ವರ್ಷ ಆಯ್ತು."

ವಿಶಾಲಾಕ್ಷಮ್ಮ ಕನ್ನಡಕವನ್ನು ಶಿವಪ್ರಕಾಶನ ಕಡೆ ತಿರುಗಿಸಿದರು. "ನೀನು ವಿಡಿಯೋ ಮಾಡುವಾಗ ಕೇಳ್ಬಾರ್ದಿತ್ತೇನಪ್ಪ, ಮಳೆ ಇಲ್ದೆ ಈ ಹೂ ಹೇಗೆ ಬಂತು ಅಂತ?"

"ಹೂ ಇತ್ತು ಮೇಡಂ. ತೆಗೆದೆ."

ತನ್ನ ಬಾಯಿಂದ ಬಂದ ಆ ಮಾತನ್ನು ಅವನು ಬೇರೆಯವರ ಮಾತನ್ನು ಕೇಳುವಂತೆ ಕೇಳಿಸಿಕೊಂಡ. ಲಿಂಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೊಡ ಎತ್ತಿಕೊಂಡು ಎದ್ದಳು.

"ಕೀಲಿ ಇಲ್ಲಿಡಿ," ಎಂದರು ವಿಶಾಲಾಕ್ಷಮ್ಮ ಸಾಂತಪ್ಪನಿಗೆ. "ಈ ತಿಂಗಳು ಮುಗಿಸಿಕೊಂಡು ಹೊರಡಿ. ಕೊಟ್ಟ ಮಾತು ಮುರಿದವರನ್ನ ಇಟ್ಕೊಂಡು ನಾನು ಹಾಡಿಯವರ ಮುಖ ಹೇಗೆ ನೋಡ್ಲಿ?"

ಸಾಂತಪ್ಪ ಕೀಲಿಯನ್ನು ಜಗಲಿಯ ಅಂಚಿಗೆ ಇಟ್ಟು, ಟೊಪ್ಪಿ ಹಾಕಿಕೊಂಡು ಲೈನಿನ ಕಡೆ ನಡೆದರು. ವಿಶಾಲಾಕ್ಷಮ್ಮ ಶಿವಪ್ರಕಾಶನಿಗೆ, "ನಮ್ಮಿಂದ ತಪ್ಪಾಯ್ತು ಅಂತ ಹಾಕು. ಅಷ್ಟೇ. ಯಾರ ಹೆಸರೂ ಬೇಡ," ಎಂದು ಒಳಗೆ ಹೋದರು.

ಆಫೀಸಿನಲ್ಲಿ ಸತೀಶ ಉತ್ಸಾಹದಲ್ಲಿದ್ದ. ಇಂಥ ಸಂದರ್ಭವನ್ನು ನಿಭಾಯಿಸುವುದೇ ನಿಜವಾದ ಕೌಶಲ ಎಂದು ಅವನ ನಂಬಿಕೆ.

"'ತಪ್ಪಾಯ್ತು' ಅಂತ ಬರೀ ಅಷ್ಟೇ ಬರೆದ್ರೆ ಓನರ್ ಮೇಲೆ ಬರುತ್ತೆ ಗುರೂ. 'ಮಾಲೀಕರ ಗಮನಕ್ಕೆ ತಾರದೆ ಸಿಬ್ಬಂದಿಯೊಬ್ಬರು' ಅಂತ ಸೇರಿಸು. ಹೆಸರು ಹಾಕ್ತಿಲ್ವಲ್ಲ."

"ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತೆ ಯಾರು ಅಂತ. ಕೀಲಿ ಒಬ್ಬರ ಹತ್ರಾನೇ ಇದ್ದಿದ್ದು."

"ಹೌದಪ್ಪ, ಅವರೇ ತಾನೇ ಬಿಟ್ಟಿದ್ದು? ಸುಳ್ಳು ಎಲ್ಲಿದೆ ಇದರಲ್ಲಿ?"

ಶಿವಪ್ರಕಾಶ್ ಪರದೆಯನ್ನು ನೋಡುತ್ತ ಕೂತ. ಸತೀಶ ಹೇಳಿದ್ದರಲ್ಲಿ ಸುಳ್ಳು ಹುಡುಕಲು ಅವನಿಗೆ ಆಗಲಿಲ್ಲ. ಬಿಟ್ಟವರು ಸಾಂತಪ್ಪ. ಮಾಲೀಕರಿಗೆ ಗೊತ್ತಿರಲಿಲ್ಲ. ಎಲ್ಲ ನಿಜ. ಅವನು ಮೂರು ಸಲ ತಿದ್ದಿ ಬರೆದ. ಕೆಲಸದಲ್ಲಿ ಪಳಗಿದ ಕೈ. ಕೊನೆಯ ಸಲ ಚೆನ್ನಾಗಿಯೇ ಬಂತು. ಹಾಕಿದ ಅರ್ಧ ಗಂಟೆಯಲ್ಲಿ 'ಇಂಥ ಪ್ರಾಮಾಣಿಕ ಮಾಲೀಕರು ಅಪರೂಪ' ಎಂದು ಯಾರೋ ಬರೆದರು. ಅವನು ಅದಕ್ಕೆ ಕೈಮುಗಿಯುವ ಚಿಹ್ನೆ ಕಳಿಸಿದ. ಮೂರು ದಿನಕ್ಕೆ ಎಲ್ಲರೂ ಮರೆತರು. ಅಷ್ಟರ ಮಟ್ಟಿಗೆ ಸತೀಶನ ಲೆಕ್ಕ ಸರಿಯಾಗಿತ್ತು. ನೀರು ಕುಡಿದ ಆ ಗಿಡಗಳಿಗೆ ಎರಡನೇ ನೀರು ಸಿಗದೆ ಹೂ ಕಾಯಿ ಕಟ್ಟದೆ ಕಂದಿ ಉದುರಿದ್ದನ್ನು ಯಾರೂ ವಿಡಿಯೋ ಮಾಡಲಿಲ್ಲ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನು ತಿತಿಮತಿಯ ಬಸ್ ನಿಲ್ಲುವ ಜಾಗಕ್ಕೆ ಹೋದ. ಹೇಳಲೆಂದೇ ಹೋದದ್ದು. ಬೈಕಿನ ಮೇಲೆ ದಾರಿಯುದ್ದಕ್ಕೂ ವಾಕ್ಯವನ್ನು ಜೋಡಿಸಿಕೊಂಡಿದ್ದ: ಮೊದಲು ಸಾಂತಪ್ಪನಿಗೆ, ಆಮೇಲೆ ಅವರನ್ನು ಕರೆದುಕೊಂಡೇ ತೋಟಕ್ಕೆ ಹೋಗಿ ಅಮ್ಮನಿಗೆ.

ಎರಡು ಟ್ರಂಕು, ಒಂದು ಗೋಣಿಚೀಲ ಪಾತ್ರೆ, ಹಗ್ಗ ಕಟ್ಟಿದ ಹಾಸಿಗೆ. ಸಾಂತಪ್ಪ ಹಾಸಿಗೆಯ ಮೇಲೆ, ಯಮುನಾ ತುಸು ದೂರದ ಟ್ರಂಕಿನ ಮೇಲೆ ಕೂತಿದ್ದರು. ಸೋಮವಾರಪೇಟೆಯ ಹತ್ತಿರ ತಮ್ಮನ ಮನೆಯಲ್ಲಿ ಸದ್ಯಕ್ಕೆ ಇರುವುದು, ಆಮೇಲೆ ಎಲ್ಲಾದರೂ ತೋಟದಲ್ಲಿ ಕೇಳುವುದು ಎಂದರು.

"ಐವತ್ತೆಂಟಾಯ್ತಲ್ಲ ಸಾರ್, ರೈಟರ್ ಕೆಲಸ ಯಾರು ಕೊಡ್ತಾರೆ. ಪಿಕ್ಕಿಂಗ್ ಟೈಮಲ್ಲಿ ಚೀಲ ಎಣಿಸೋಕೆ ಕರೀಬಹುದು."

"ಕರೀತಾರೆ ಸಾಂತಪ್ಪಣ್ಣ."

"ನೀವು ಹಾಕಿದ್ರಲ್ಲ ಫೋನಲ್ಲಿ, ತಮ್ಮನ ಮಗ ಓದಿ ಹೇಳ್ದ. 'ಸಿಬ್ಬಂದಿಯೊಬ್ಬರು'. ಇಷ್ಟು ವರ್ಷ ರೈಟರ್ ಅಂತಿದ್ರು, ಈಗ ಸಿಬ್ಬಂದಿ ಮಾಡಿದ್ರಿ," ಎಂದು ಸಾಂತಪ್ಪ ನಕ್ಕರು. ಆ ನಗೆಯಲ್ಲಿ ಮುಳ್ಳಿತ್ತೋ ಇಲ್ಲವೋ ಶಿವಪ್ರಕಾಶನಿಗೆ ತಿಳಿಯಲಿಲ್ಲ.

ಬಸ್ಸು ಇಪ್ಪತ್ತು ನಿಮಿಷ ತಡ. ಅಡ್ಡ ಬರುವವರು ಯಾರೂ ಇರಲಿಲ್ಲ. ಸಾಂತಪ್ಪ ಮೂತ್ರಕ್ಕೆಂದು ರಸ್ತೆ ದಾಟಿ ಹೋದಾಗ ಯಮುನಾ ಅವನ ಹತ್ತಿರ ಬಂದಳು. ಅತ್ತು ಕಣ್ಣು ಊದಿತ್ತು.

"ನೀವು ಅವಾಗೆಲ್ಲ ಬರ್ತಾ ಇದ್ರಲ್ಲ ತಮ್ಮ, ನಿಮಗಾದ್ರೂ ಗೊತ್ತಾ? ಯಾಕೆ ಬಿಟ್ರಂತೆ ಇವ್ರು ಆ ನೀರ? ಒಂದು ದಿನ ಅಮ್ಮನ ಮಾತು ಮೀರಿದವರಲ್ಲ. ರಾತ್ರಿ ಹಗಲು ಕೇಳ್ದೆ, ಬಾಯೇ ಬಿಡಲ್ಲ. ಮಂಕು ಕವಿದಿತ್ತಾ ನಿಮಗೆ ಅಂತ ನಾನೇ ಬೈದೆ."

ಸಾಂತಪ್ಪ ಹೆಂಡತಿಗೂ ಹೇಳಿರಲಿಲ್ಲ. ಶಿವಪ್ರಕಾಶ್ ಬಗ್ಗಿ ಹಾಸಿಗೆಗೆ ಕಟ್ಟಿದ ಹಗ್ಗವನ್ನು ಎಳೆದು ನೋಡಿದ.

"ಗೊತ್ತಿಲ್ಲ ಯಮುನಕ್ಕ," ಎಂದ.

ಸಾಂತಪ್ಪ ವಾಪಸು ಬರುತ್ತ ಇಬ್ಬರ ಮುಖವನ್ನೂ ನೋಡಿದರು. "ಬಿಡೇ, ಅವರಿಗೇನು ಗೊತ್ತು," ಎಂದರು ಹೆಂಡತಿಗೆ.

ಬಸ್ಸು ಬಂದಾಗ ಅವನು ಟ್ರಂಕುಗಳನ್ನು ಎತ್ತಿ ಕೊಟ್ಟ, ಹಾಸಿಗೆಯನ್ನು ಸೀಟಿನ ಕೆಳಗೆ ತಳ್ಳಿದ. ಹೋಗಿ ಬನ್ನಿ ಎಂದ. ನೀರು ಬಿಡಿಸಿದವನು ತಾನು, ಅಮ್ಮನ ಒಪ್ಪಿಗೆ ಇರಲಿಲ್ಲವೆಂದು ತನಗೆ ಗೊತ್ತಿತ್ತು ಎಂದು ಶಿವಪ್ರಕಾಶ್ ಸಾಂತಪ್ಪನಿಗೆ ಹೇಳಲಿಲ್ಲ, ಯಮುನಾಳಿಗೆ ಹೇಳಲಿಲ್ಲ, ವಿಶಾಲಾಕ್ಷಮ್ಮನವರಿಗೂ ಹೇಳಲಿಲ್ಲ.